ಅಡುಗೆಕೋಣೆಯ ಡಬ್ಬಗಳಿಗೆ ಬ್ರೈಲ್ ಚೀಟಿ

(ಸ್ವಸಹಾಯ ಸಂಘಗಳ ವಾರ್ಷಿಕ ಸಮಾವೇಶದಲ್ಲಿ ಸದಸ್ಯೆಯೊಬ್ಬರು ಮಾಡಿದ ಭಾಷಣ. ಮಾತಿನ ಧಾಟಿಯನ್ನು ಹೆಚ್ಚು ಬದಲಿಸದೆ ಇಲ್ಲಿ ಕೊಟ್ಟಿದ್ದೇವೆ.)



ನನಗೆ ಇಪ್ಪತ್ತು ನಿಮಿಷ ಮಾತಾಡಲು ಹೇಳಿದ್ದಾರೆ. ಎದುರಿನ ಗೋಡೆಯ ಗಡಿಯಾರ ನನಗೆ ಕಾಣುವುದಿಲ್ಲ, ಹಾಗಾಗಿ ಸ್ವಲ್ಪ ಹೆಚ್ಚಾದರೆ ಬೇಜಾರು ಮಾಡಬಾರದು. ಸಾಲದ ಬಗ್ಗೆ, ಬ್ಯಾಂಕಿನ ಬಗ್ಗೆ ಬೆಳಗ್ಗಿನಿಂದ ಕೇಳಿದ್ದೀರಿ. ನಾನು ಮಾತಾಡುವುದು ಉಪ್ಪು, ಸಕ್ಕರೆ, ಮೆಣಸಿನ ಪುಡಿಯ ಬಗ್ಗೆ. ಅದರಲ್ಲೇನು ಮಾತಾಡುವುದು ಅಂತ ನಿಮಗೆ ಅನಿಸಬಹುದು. ಕಣ್ಣು ಇರುವಾಗ ನನಗೂ ಹಾಗೇ ಅನಿಸುತ್ತಿತ್ತು.

ನನ್ನ ಕಣ್ಣು ಹೋದದ್ದು ನಲವತ್ತೊಂದನೇ ವಯಸ್ಸಿನಲ್ಲಿ. ಗ್ಲಾಕೋಮಾ ಅಂತ ಹೇಳಿದರು. ಕಣ್ಣಿನೊಳಗಿನ ಒತ್ತಡದಿಂದ ಹಿಂದಿನ ನರ ಹಾಳಾಗುವ ಕಾಯಿಲೆ. ನನಗೆ ಬಂದ ಬಗೆಯಲ್ಲಿ ನೋವೂ ಇಲ್ಲ, ಕೆಂಪೂ ಇಲ್ಲ. ಬದಿಯ ನೋಟ ಮೊದಲು ಹೋಗುತ್ತದೆ, ಬಾಗಿಲಿಗೆ ಭುಜ ತಾಗುತ್ತದೆ, ಅವಸರ ಮಾಡಿದ್ದಕ್ಕೆ ಅಂತ ನಾವೇ ನಮ್ಮನ್ನು ಬೈದುಕೊಳ್ಳುತ್ತೇವೆ. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಔಷಧಿಯಿಂದ ಮುಂದೆ ಹೋಗುವುದನ್ನು ತಡೆಯಬಹುದು, ಹೋದ ನೋಟವನ್ನು ಮರಳಿ ತರಲು ಆಗುವುದಿಲ್ಲ. ಮನೆಯಲ್ಲಿ ಒಬ್ಬರಿಗಿದ್ದರೆ ಅವರ ಅಕ್ಕತಂಗಿ, ಅಣ್ಣತಮ್ಮಂದಿರಿಗೂ ಬರುವ ಸಾಧ್ಯತೆ ಹೆಚ್ಚು. ಆದ್ದರಿಂದ ನಲವತ್ತು ದಾಟಿದವರು ಒಮ್ಮೆ ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿಕೊಳ್ಳಿ. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದರೆ ಸಾಲದು, ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಇದು ನನ್ನ ವಿಷಯ ಅಲ್ಲ, ಆದರೂ ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಕಣ್ಣು ಹೋದ ಮೇಲೆ ಮನೆಯವರು ಮೊದಲು ಮೆಟ್ಟುಕತ್ತಿಯನ್ನು ತೆಗೆದಿಟ್ಟರು. ಆಮೇಲೆ ಬೆಂಕಿಪೊಟ್ಟಣ. ಆಮೇಲೆ ಒಲೆಯ ಹತ್ತಿರ ಬರಬೇಡಿ ಅಂದರು. ಸಿಟ್ಟಿನಿಂದ ಅಲ್ಲ, ಪ್ರೀತಿಯಿಂದಲೇ. "ಮಾಂಯ್, ನೀವು ಕುಳಿತುಕೊಳ್ಳಿ, ನಾನು ಮಾಡುತ್ತೇನೆ" ಅಂತ ಸೊಸೆ ಹೇಳುವಾಗ ಅವಳ ದನಿಯಲ್ಲಿ ಹೆದರಿಕೆ ಇತ್ತು. ನಾನು ಕುಳಿತೆ. ಕಾಫಿ ತಂದು ಕೈಗೆ ಕೊಡುತ್ತಾರೆ, ಲೋಟ ತೆಗೆದುಕೊಂಡು ಹೋಗುತ್ತಾರೆ. ಇಪ್ಪತ್ತು ವರ್ಷ ನಾನೇ ಬಡಿಸಿದ ಮನೆಯಲ್ಲಿ ನೆಂಟರ ಹಾಗೆ ಆಗಿಬಿಟ್ಟೆ.

ಸಂಘದಲ್ಲೂ ಅದೇ ಆಯ್ತು. ನಮ್ಮ ಸಂಘದವರು ಮಸಾಲೆ ಪುಡಿ ಮಾಡಿ ಮಾರುತ್ತೇವೆ. ಬಫಾತ್ ಪುಡಿ, ಸಾರಿನ ಪುಡಿ, ಮೀನಿನ ಮಸಾಲೆ. ಬಫಾತ್ ಪುಡಿಯ ಅಳತೆ ನನ್ನದೇ, ನನ್ನ ತಾಯಿಯಿಂದ ಬಂದದ್ದು. ಒಂದು ವಾರದ ಸಭೆಯಲ್ಲಿ ಸರದಿ ಪಟ್ಟಿ ಓದಿದರು, ನನ್ನ ಹೆಸರು ಬರಲಿಲ್ಲ. ಯಾಕೆ ಅಂತ ಕೇಳಿದೆ. "ಅಕ್ಕ, ನಿಮಗೆ ಯಾಕೆ ಕಷ್ಟ, ನಿಮ್ಮ ಪಾಲಿನ ಲಾಭ ನಾವು ಕೊಡುತ್ತೇವೆ" ಅಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ದಿನ ರಾತ್ರಿ ನಾನು ಅತ್ತಷ್ಟು ಕಣ್ಣು ಹೋದ ದಿನವೂ ಅತ್ತಿರಲಿಲ್ಲ. ದುಡಿಯದೆ ಬರುವ ದುಡ್ಡಿಗೆ ಬೇರೆ ಹೆಸರುಂಟು, ನಿಮಗೆ ಗೊತ್ತು.

ನಮ್ಮ ಗ್ರಾಮ ಪಂಚಾಯತಿಯಲ್ಲಿ ಅಂಗವಿಕಲರಿಗಾಗಿ ಒಬ್ಬರು ಪುನರ್ವಸತಿ ಕಾರ್ಯಕರ್ತೆ ಇದ್ದಾರೆ. ವಿ.ಆರ್.ಡಬ್ಲ್ಯು. ಅಂತ ಹೇಳುತ್ತಾರೆ. ನನ್ನ ಗುರುತಿನ ಚೀಟಿ ಮಾಡಿಸಲು ಬಂದವರು ಅವರು. ಅವರೇ ಬ್ರೈಲ್ ಕಲಿಯುವ ತರಬೇತಿಯ ಸುದ್ದಿ ಹೇಳಿದ್ದು. ಹೋದೆ. ನಲವತ್ತು ದಾಟಿದ ಬೆರಳು, ತೆಂಗಿನಕಾಯಿ ತುರಿದು, ಬಟ್ಟೆ ಒಗೆದು ದಪ್ಪವಾದ ಬೆರಳು. ಮೊದಲ ಹದಿನೈದು ದಿನ ಕಾಗದದ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಆಗುತ್ತಿತ್ತು, ಒಂದಕ್ಷರವೂ ಹತ್ತಲಿಲ್ಲ. ಪುಸ್ತಕ ಓದುವಷ್ಟು ವೇಗ ನನಗೆ ಇವತ್ತಿಗೂ ಬಂದಿಲ್ಲ. ಚಿಕ್ಕಂದಿನಿಂದ ಕಲಿತ ಮಕ್ಕಳು ಓದುವುದನ್ನು ಕೇಳಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಆದರೆ ಡಬ್ಬದ ಮೇಲೆ ಒಂದು ಅಕ್ಷರ ಗುರುತಿಸಲು ವೇಗ ಬೇಕಾ? ಬೇಡ. ಪುಸ್ತಕಕ್ಕೆ ಸಾಲದ ಬ್ರೈಲ್ ಅಡುಗೆಕೋಣೆಗೆ ಧಾರಾಳ ಸಾಕು. ದೊಡ್ಡ ಪ್ರಾಯದಲ್ಲಿ ಕಣ್ಣು ಹೋದವರಿಗೆ ಇದನ್ನು ಯಾರೂ ಮೊದಲು ಹೇಳುವುದಿಲ್ಲ.

ಬ್ರೈಲ್ ಅಂದರೇನು ಅಂತ ಸ್ವಲ್ಪ ಹೇಳುತ್ತೇನೆ. ಲೂಯಿ ಬ್ರೈಲ್ ಫ್ರಾನ್ಸ್ ದೇಶದವರು, 1809ರಲ್ಲಿ ಕೂಪ್‌ವ್ರೆ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಕುದುರೆಯ ಜೀನು, ಪಟ್ಟಿ ಮಾಡುವವರು. ಮೂರು ವರ್ಷದ ಮಗು ತಂದೆಯ ಕೆಲಸದ ಕೋಣೆಯಲ್ಲಿ ಚರ್ಮ ಚುಚ್ಚುವ ಮೊನಚಾದ ಸಾಧನ ಹಿಡಿದು ಆಡುವಾಗ ಅದು ಒಂದು ಕಣ್ಣಿಗೆ ತಾಗಿತು. ನಂಜು ಇನ್ನೊಂದು ಕಣ್ಣಿಗೂ ಏರಿತು. ಊರಿನ ಚರ್ಚಿನ ಗುರುಗಳೇ ಆ ಹುಡುಗನಿಗೆ ಮೊದಲು ಪಾಠ ಹೇಳಿದ್ದು. ಮುಂದೆ ಪ್ಯಾರಿಸ್ಸಿನ ಅಂಧರ ಶಾಲೆಗೆ ಸೇರಿ, ಒಬ್ಬ ಅಧಿಕಾರಿ ಮಾಡಿದ್ದ ಚುಕ್ಕಿಗಳ ಕ್ರಮವನ್ನು ನೋಡಿ, ಹದಿನೈದನೇ ವಯಸ್ಸಿನಲ್ಲಿ ತನ್ನದೇ ಆದ ಆರು ಚುಕ್ಕಿಯ ಲಿಪಿ ಮಾಡಿದರು. ಯಾವ ಸಾಧನ ಕಣ್ಣು ತೆಗೆಯಿತೋ ಅದರಂಥದೇ ಮೊನೆಯಿಂದ ಚುಚ್ಚಿ ಬರೆಯುವ ಲಿಪಿ. ಅವರು ಪ್ಯಾರಿಸ್ಸಿನ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದರು. 1852ರಲ್ಲಿ ತೀರಿಹೋದರು. ಅವರದೇ ಶಾಲೆ ಆ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ಬದುಕಿದ್ದಾಗ ಕಣ್ಣಿದ್ದ ಮೇಷ್ಟ್ರುಗಳಿಗೆ ಅದು ಬೇಡವಾಗಿತ್ತು, ಅವರಿಗೆ ಓದಲು ಬರುವುದಿಲ್ಲವಲ್ಲ! ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಕ್ರಮದ ಭಾರತಿ ಬ್ರೈಲ್ ಬಂದದ್ದು 1951ರಲ್ಲಿ. ಹಾಗಾಗಿ ಕನ್ನಡದ 'ಕ', ಹಿಂದಿಯ 'ಕ', ತಮಿಳಿನ 'ಕ' ಬೆರಳಿಗೆ ಒಂದೇ.

ಅಂಗಡಿಯಲ್ಲಿ ಆರು ಮೊಟ್ಟೆಯ ಪೊಟ್ಟಣ ಸಿಗುತ್ತದಲ್ಲ, ಅದನ್ನು ಉದ್ದಕ್ಕೆ ಹಿಡಿದುಕೊಳ್ಳಿ. ಎಡಗಡೆ ಮೂರು, ಬಲಗಡೆ ಮೂರು. ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3. ಬಲಗಡೆ ಮೇಲಿನಿಂದ ಕೆಳಕ್ಕೆ 4, 5, 6. ಯಾವ ಗುಳಿಯಲ್ಲಿ ಮೊಟ್ಟೆ ಉಂಟು, ಯಾವುದು ಖಾಲಿ, ಅದರ ಮೇಲೆ ಅಕ್ಷರ. 'ಅ' ಅಂದರೆ 1 ಮಾತ್ರ. 'ಬ' ಅಂದರೆ 1, 2. 'ಕ' 1, 3. 'ಗ' 1, 2, 4, 5. 'ಸ' 2, 3, 4. 'ಉ' 1, 3, 6. 'ಮ' 1, 3, 4. 'ಜ' 2, 4, 5. 'ರ' 1, 2, 3, 5. 'ಹ' 1, 2, 5. ಇಷ್ಟು ಬಂದರೆ ಅರ್ಧ ಅಡುಗೆಕೋಣೆ ಓದಬಹುದು. ನನ್ನ ಸೊಸೆ ಇದನ್ನು ಒಂದು ಸಂಜೆಯಲ್ಲಿ ಕಲಿತಳು, ಟೀವಿ ನೋಡುತ್ತಲೇ.

ಪೂರ್ತಿ ಹೆಸರು ಬರೆಯಲು ಹೋಗಬೇಡಿ. ಬ್ರೈಲಿನಲ್ಲಿ 'ಉಪ್ಪು' ಅಂತ ಬರೆಯಲು ಐದು ಮನೆ ಬೇಕು, ಒತ್ತಕ್ಷರಕ್ಕೆ ಬೇರೆ ಗುರುತು, ಕೊಂಬಿಗೆ ಬೇರೆ. ಒದ್ದೆ ಕೈಯಲ್ಲಿ ಅಷ್ಟು ಓದುವ ಹೊತ್ತಿಗೆ ಒಗ್ಗರಣೆ ಸೀದುಹೋಗುತ್ತದೆ. ನನ್ನ ಮನೆಯಲ್ಲಿ ಉಪ್ಪಿಗೆ 'ಉ', ಸಕ್ಕರೆಗೆ 'ಸ'. ಒಂದೇ ಅಕ್ಷರ ಎರಡು ವಸ್ತುವಿಗೆ ಬಂದರೆ ಎರಡಕ್ಷರ: ಮೆಣಸಿನ ಪುಡಿಗೆ 'ಮಪ', ಮೈದಾಕ್ಕೆ 'ಮದ', ಮೆಂತೆಗೆ 'ಮತ'. ಮೇಷ್ಟ್ರು ನೋಡಿದರೆ ಕಾಗುಣಿತ ತಪ್ಪು ಅಂತ ಹೇಳಿಯಾರು. ಹೇಳಲಿ. ಅಡುಗೆ ಮಾಡುವುದು ನಾನು.

ಎಲ್ಲದಕ್ಕೂ ಚೀಟಿ ಅಂಟಿಸಬೇಕೆಂದೂ ಇಲ್ಲ. ಶುರುವಿನಲ್ಲಿ ನಾನು ಆ ಹುಚ್ಚು ಮಾಡಿದೆ, ಬೆಲ್ಲದ ಡಬ್ಬಕ್ಕೂ ಚೀಟಿ, ಈರುಳ್ಳಿ ಬುಟ್ಟಿಗೂ ಚೀಟಿ. ಬೆಲ್ಲ ಮುಟ್ಟಿದರೆ ಗೊತ್ತಾಗುವುದಿಲ್ಲವಾ? ತೊಗರಿಬೇಳೆ, ಕಡ್ಲೆಬೇಳೆ, ಹೆಸರುಬೇಳೆ ಇವುಗಳನ್ನು ನೀವು ಕಣ್ಣು ಮುಚ್ಚಿ ಮುಟ್ಟಿದರೂ ಹೇಳುತ್ತೀರಿ. ಕಾಫಿ, ಚಹಾ, ಜೀರಿಗೆಗೆ ಮೂಗು ಸಾಕು. ಕಷ್ಟ ಬರುವುದು ಹಿಟ್ಟು ಮತ್ತು ಪುಡಿಗಳಲ್ಲಿ. ಮೈದಾ, ಅಕ್ಕಿಹಿಟ್ಟು, ಜೋಳದ ಹಿಟ್ಟು. ಪುಡಿ ಉಪ್ಪು, ಸಣ್ಣ ಸಕ್ಕರೆ, ಅಡುಗೆ ಸೋಡಾ. ಮೆಣಸಿನ ಪುಡಿಯನ್ನು ಮೂಸಿ ನೋಡುವುದೂ ಬೇಡ, ಸೀನಿ ಸೀನಿ ಸಾಕಾಗುತ್ತದೆ. ಕಲ್ಲುಪ್ಪಿನ ಕಾಲದಲ್ಲಿ ನನ್ನಂಥವರಿಗೆ ಇಷ್ಟು ತೊಂದರೆ ಇರಲಿಲ್ಲ. ನಾನೀಗ ಮನೆಗೆ ಮತ್ತೆ ಕಲ್ಲುಪ್ಪೇ ತರಿಸುತ್ತೇನೆ, ಪೊಟ್ಟಣದಲ್ಲಿ ಅಯೋಡಿನ್ ಸೇರಿಸಿದ್ದು ಅಂತ ಇರುವುದನ್ನು ನೋಡಿ ತರಲು ಹೇಳುತ್ತೇನೆ.

ಇನ್ನು ಚೀಟಿ ಮಾಡುವ ಕ್ರಮ. ಬ್ರೈಲ್ ಬರೆಯಲು ಸ್ಲೇಟು ಮತ್ತು ಸ್ಟೈಲಸ್ ಅಂತ ಬರುತ್ತದೆ. ಸಾಲಾಗಿ ಸಣ್ಣ ಸಣ್ಣ ಕಿಂಡಿ ಇರುವ ಪಟ್ಟಿ, ಕೆಳಗೆ ಗುಳಿ, ಮಧ್ಯೆ ಕಾಗದ ಇಟ್ಟು ಮೊನೆಯಿಂದ ಒತ್ತುವುದು. ಕೇಂದ್ರ ಸರಕಾರದ ಎ.ಡಿ.ಐ.ಪಿ. ಯೋಜನೆಯಲ್ಲಿ ಅಂಗವಿಕಲರಿಗೆ ಸಾಧನ ಕೊಡುತ್ತಾರೆ, ಅದರಲ್ಲಿ ಇದನ್ನೂ ಕೇಳಬಹುದು. ನಿಮ್ಮ ಪಂಚಾಯತಿಯ ವಿ.ಆರ್.ಡಬ್ಲ್ಯು. ಹತ್ತಿರ ವಿಚಾರಿಸಿ.

ಕಾಗದದ ಚೀಟಿ ಅಡುಗೆಕೋಣೆಯಲ್ಲಿ ಒಂದು ವಾರ ಬಾಳುವುದಿಲ್ಲ. ಹಬೆ ತಾಗಿ ಚುಕ್ಕಿ ಚಪ್ಪಟೆಯಾಗುತ್ತದೆ. ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ಮಾಡಿದೆ, ಅದು ಒಂದು ತಿಂಗಳು ನಿಂತಿತು. ಎಲ್ಲಕ್ಕಿಂತ ಒಳ್ಳೆಯದು ಹಳೆಯ ಎಕ್ಸ್‌ರೇ ಹಾಳೆ. ಎಲ್ಲರ ಮನೆಯಲ್ಲೂ ಅಟ್ಟದ ಮೇಲೆ ಯಾರದ್ದಾದರೂ ಕಾಲು ಮುರಿದ ಎಕ್ಸ್‌ರೇ ಇರುತ್ತದೆ. ನನ್ನ ಉಪ್ಪಿನ ಚೀಟಿ ನಮ್ಮ ಮಾವನವರ ಎದೆಯ ಎಕ್ಸ್‌ರೇಯಿಂದ ಕತ್ತರಿಸಿದ್ದು, ದೇವರು ಅವರ ಆತ್ಮಕ್ಕೆ ಶಾಂತಿ ಕೊಡಲಿ. ಅದನ್ನು ಬ್ಲೀಚಿಂಗ್ ಪುಡಿ ಹಾಕಿದ ನೀರಿನಲ್ಲಿ ನೆನೆಸಿ ಉಜ್ಜಿದರೆ ಕಪ್ಪು ಹೋಗಿ ಪ್ಲಾಸ್ಟಿಕ್ ಹಾಳೆ ಉಳಿಯುತ್ತದೆ. ಕೈಗೆ ಬ್ಲೀಚಿಂಗ್ ತಾಗದ ಹಾಗೆ ನೋಡಿಕೊಳ್ಳಿ. ಆ ಹಾಳೆಯ ಮೇಲೆ ಒತ್ತಿದ ಚುಕ್ಕಿ ತೊಳೆದರೂ ಹೋಗುವುದಿಲ್ಲ. ಅದರ ಮೇಲೆಯೇ ಅಳಿಸದ ಮಾರ್ಕರ್ ಪೆನ್ನಿನಲ್ಲಿ 'ಉಪ್ಪು' ಅಂತ ಕಾಣುವ ಅಕ್ಷರದಲ್ಲೂ ಬರೆಯಿರಿ. ಅದು ನನಗಾಗಿ ಅಲ್ಲ, ಮನೆಯ ಉಳಿದವರಿಗಾಗಿ. ಏನು ಅಂತ ಗೊತ್ತಿಲ್ಲದ ಚೀಟಿಯನ್ನು ಮನೆಯವರು ಕಸ ಅಂತ ಕಿತ್ತು ಬಿಸಾಡುತ್ತಾರೆ, ನನ್ನ ಮನೆಯಲ್ಲಿ ಎರಡು ಸಲ ಹಾಗಾಗಿದೆ.

ಸ್ಲೇಟು ಇಲ್ಲದಿದ್ದರೆ? ಹಳೆಯ ಹವಾಯಿ ಚಪ್ಪಲಿಯನ್ನು ತೊಳೆದು ಅದರ ಮೇಲೆ ಹಾಳೆ ಇಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ. ಚುಕ್ಕಿ ಮತ್ತು ಚುಕ್ಕಿಯ ನಡುವೆ ಎರಡೂವರೆ ಮಿಲಿಮೀಟರ್ ಇರಬೇಕು. ಅಂದರೆ ಆರೂ ಚುಕ್ಕಿ ಒಂದು ಬೆರಳ ತುದಿಯ ಅಡಿಗೆ ಒಟ್ಟಿಗೆ ಬರಬೇಕು. ಕಾಣುವವರು ಮಾಡಿಕೊಡುವಾಗ ಪಾಪ, ನಮಗೆ ಚೆನ್ನಾಗಿ ಗೊತ್ತಾಗಲಿ ಅಂತ ದೊಡ್ಡದು ದೊಡ್ಡದು ಮಾಡುತ್ತಾರೆ. ಬೆರಳು ಬ್ರೈಲಿಗೆ ಒಗ್ಗಿದ ಮೇಲೆ ಹಾಗೆ ದೊಡ್ಡದಾದರೆ ಓದಲು ಕಷ್ಟ.

ಇನ್ನೊಂದು ಮುಖ್ಯ ವಿಷಯ. ಹಿಂದಿನಿಂದ ಒತ್ತಿ ಮುಂದಿನಿಂದ ಓದುವುದು. ಆದ್ದರಿಂದ ಬರೆಯುವಾಗ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯಬೇಕು. ಮರೆತರೆ ಏನಾಗುತ್ತದೆ? ನನ್ನ ಮಗ ಪ್ರೀತಿಯಿಂದ ಜೀರಿಗೆ ಪುಡಿಗೆ 'ಜ' ಮಾಡಿಕೊಟ್ಟ. ತಿರುಗಿಸಲು ಮರೆತಿದ್ದ. ನನ್ನ ಬೆರಳಿಗೆ ಅದು 'ಹ' ಆಯ್ತು. ಹಳದಿ ಪುಡಿ ಅಂತ ಗ್ರಹಿಸಿ ಪಲ್ಯಕ್ಕೆ ಹಾಕಿದೆ. ಮೂಗಿಗೆ ಗೊತ್ತಾಗುವಷ್ಟರಲ್ಲಿ ಆಗಿಹೋಗಿತ್ತು. ಆ ದಿನ ಎಲ್ಲರೂ ಜೀರಿಗೆಯ ಪಲ್ಯ ಉಂಡೆವು. ಅದೇ ರೀತಿ, ಚೀಟಿ ತಲೆಕೆಳಗಾದರೂ ಅಕ್ಷರ ಬದಲಾಗುತ್ತದೆ. ಉಪ್ಪಿನ 'ಉ' ತಲೆಕೆಳಗಾದರೆ 'ಶ' ಆಗುತ್ತದೆ, ಶುಂಠಿಯ 'ಶ'. ಸಕ್ಕರೆಯ 'ಸ' ತಲೆಕೆಳಗಾದರೆ 'ಆ'. ಇದಕ್ಕೆ ಸುಲಭದ ಉಪಾಯ, ಪ್ರತಿ ಚೀಟಿಯ ಬಲಗಡೆಯ ಮೇಲಿನ ಮೂಲೆಯನ್ನು ಓರೆಯಾಗಿ ಕತ್ತರಿಸುವುದು. ಮೊದಲು ಆ ಮೂಲೆ ಹುಡುಕಿ, ನೆಟ್ಟಗೆ ಹಿಡಿದು, ಆಮೇಲೆ ಓದುವುದು. ಅಕ್ಕಿಗೆ ಬರೀ 'ಅ' ಅಂದರೆ ಒಂದೇ ಚುಕ್ಕಿ, ಖಾಲಿ ಹಾಳೆಯಲ್ಲಿ ಅದು ಮೇಲಿನದ್ದೋ ಕೆಳಗಿನದ್ದೋ ಗೊತ್ತಾಗುವುದಿಲ್ಲ. ಅದಕ್ಕೆ 'ಅಕ' ಅಂತ ಎರಡಕ್ಷರ ಹಾಕಿದ್ದೇನೆ.

ಅಂಟಿಸುವುದರಲ್ಲೂ ಪೆಟ್ಟು ತಿಂದು ಕಲಿತೆ. ಸೆಲ್ಲೋಟೇಪು ಎಣ್ಣೆಕೈ ತಾಗಿ ಬಿಟ್ಟುಬರುತ್ತದೆ. ಬಿಳಿ ಅಂಟಿನ ಹನಿಗಳನ್ನೇ ಚುಕ್ಕಿಯಾಗಿ ಇಟ್ಟೆ, ಒಣಗಿದ ಮೇಲೆ ಚಪ್ಪಟೆ. ಸೀರೆಗೆ ಬಣ್ಣ ಹಾಕುವ ಕೋನಿನಿಂದ ಇಟ್ಟ ಚುಕ್ಕಿ ಚೆನ್ನಾಗಿ ಉಬ್ಬಿ ನಿಲ್ಲುತ್ತದೆ, ಗಾಜಿನ ಕುಪ್ಪಿಗೆ ಅದು ಒಳ್ಳೆಯದು, ಕೈ ನಡುಗಬಾರದು ಅಷ್ಟೆ. ನಮ್ಮ ಸಂಘದ ಒಬ್ಬಳು ತಂಗಿ ಹಣೆಗೆ ಇಡುವ ಸಣ್ಣ ಕಲ್ಲಿನ ಬಿಂದಿ ಹಾಳೆ ತಂದು ಅಂಟಿಸಿಕೊಟ್ಟಳು. ನೋಡಲು ಬಹಳ ಚಂದವಂತೆ! ಓದಲೂ ಬರುತ್ತದೆ, ಆದರೆ ತೊಳೆದಾಗ ಒಂದು ಕಲ್ಲು ಬಿದ್ದರೆ ಅಕ್ಷರವೇ ಬದಲಾಗುತ್ತದೆ. ತೊಳೆಯದ ಡಬ್ಬಕ್ಕೆ ಮಾತ್ರ ಆದೀತು.

ಹಿಂದೆ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಪಾತ್ರೆಗೆ ಚುಕ್ಕಿ ಚುಕ್ಕಿ ಹೊಡೆದು ಹೆಸರು ಹಾಕುತ್ತಿದ್ದರು, ನೆನಪುಂಟಾ? ನನ್ನ ಮದುವೆಯ ಪಾತ್ರೆಗಳಲ್ಲಿ ಈಗಲೂ ಉಂಟು, ಬೆರಳಿಗೆ ಸಿಗುತ್ತದೆ. ಅದು ತಗ್ಗು ಚುಕ್ಕಿ. ತೆಳು ಅಲ್ಯುಮಿನಿಯಂ ಡಬ್ಬವಾದರೆ ಒಳಗಿನಿಂದ ಮೊಳೆ ಇಟ್ಟು ಮೆಲ್ಲಗೆ ಹೊಡೆದರೆ ಹೊರಗೆ ಉಬ್ಬುತ್ತದೆ. ತೂತಾಗಬಾರದು. ಅಕ್ಕಿಯ ಡಬ್ಬಕ್ಕೆ ಹಾಗೆ ಮಾಡಿಸಿದ್ದೇನೆ. ಚುಕ್ಕಿ ಸ್ವಲ್ಪ ದೊಡ್ಡದಾಯಿತು, ಆದರೆ ಅದನ್ನು ಇನ್ನು ಯಾರೂ ಕಿತ್ತು ಬಿಸಾಡುವ ಹಾಗಿಲ್ಲ.

ಎಲ್ಲಕ್ಕಿಂತ ನಾನು ಹೆಚ್ಚು ಬಳಸುವುದು ರಬ್ಬರ್ ಬ್ಯಾಂಡ್. ಎಕ್ಸ್‌ರೇ ಚೀಟಿಗೆ ಎರಡು ತೂತು ಮಾಡಿ ರಬ್ಬರ್ ಬ್ಯಾಂಡ್ ಸೇರಿಸಿ ಡಬ್ಬದ ಸೊಂಟಕ್ಕೆ ಹಾಕುವುದು. ಡಬ್ಬ ತೊಳೆಯುವಾಗ ತೆಗೆದಿಡಬಹುದು. ಸಾಮಾನು ಮುಗಿದ ಕೂಡಲೇ ಆ ಚೀಟಿಯನ್ನು ತೆಗೆದು ಬಾಗಿಲ ಹಿಂದಿನ ಚೀಲಕ್ಕೆ ಹಾಕುತ್ತೇನೆ. ಶನಿವಾರ ಅಂಗಡಿಗೆ ಹೋಗುವವರ ಕೈಗೆ ಆ ಚೀಟಿಗಳನ್ನೇ ಕೊಡುತ್ತೇನೆ. ಅದೇ ನನ್ನ ಸಾಮಾನಿನ ಪಟ್ಟಿ. ಒಂದು ವಸ್ತು ಮರೆತುಹೋಗುವುದಿಲ್ಲ. ಕಣ್ಣಿರುವ ಸೊಸೆಯೂ ಈಗ ಈ ಕ್ರಮವನ್ನೇ ಹಿಡಿದಿದ್ದಾಳೆ.

ಚೀಟಿಯನ್ನು ಡಬ್ಬದ ಸೊಂಟಕ್ಕೆ ಹಾಕುವುದು ಅಂದೆ. ಮುಚ್ಚಳಕ್ಕೆ ಅಲ್ಲ. ಯಾಕೆ ಅಂತ ಹೇಳುತ್ತೇನೆ. ಮೊದಲು ನಾನು ಮುಚ್ಚಳದ ಮೇಲೇ ಅಂಟಿಸಿದ್ದೆ, ಕೈಗೆ ಬೇಗ ಸಿಗುತ್ತದೆ ಅಂತ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನದ ಹಬ್ಬ, ನಮ್ಮ ಕರಾವಳಿಯಲ್ಲಿ ತೆನೆ ಹಬ್ಬ. ಮನೆತುಂಬ ಜನ. ಕಣ್ಣು ಹೋದ ಮೇಲೆ ಮೊದಲ ಸಲ ಪಾಯಸ ನಾನು ಮಾಡುತ್ತೇನೆ ಅಂತ ಹಟ ಹಿಡಿದು ಹೇಳಿದ್ದೆ. ಹಿಂದಿನ ದಿನ ಯಾರೋ ಸಹಾಯ ಮಾಡಲು ಬಂದವರು ಡಬ್ಬಗಳನ್ನೆಲ್ಲ ತೊಳೆದು, ತುಂಬಿಸಿ, ಒಂದರ ಮುಚ್ಚಳ ಇನ್ನೊಂದಕ್ಕೆ ಹಾಕಿದ್ದರು. ಎಲ್ಲವೂ ಒಂದೇ ಅಳತೆಯ ಸ್ಟೀಲ್ ಡಬ್ಬ. ಬೆಲ್ಲದ ಪಾಯಸಕ್ಕೆ ರುಚಿಗೆ ಸ್ವಲ್ಪ ಸಕ್ಕರೆ ಅಂತ ಎರಡು ಸೌಟು ಹಾಕಿದೆ. ಕೈ ಒದ್ದೆ, ಗಡಿಬಿಡಿ, ಮುಟ್ಟಿ ನೋಡಲಿಲ್ಲ. ಅದು ಉಪ್ಪು. ಹೊಸ ಅಕ್ಕಿಯ ಊಟಕ್ಕೆ ಕುಳಿತವರು ಮೊದಲ ತುತ್ತಿಗೇ ಸುಮ್ಮನಾದರು. ಆ ಸುಮ್ಮನಿರುವಿಕೆ ಇದೆಯಲ್ಲ, ಅದು ನನಗೆ ಕೇಳಿಸಿತು. ಯಾರೂ ಏನೂ ಅನ್ನಲಿಲ್ಲ. ಅತ್ತಿಗೆ ಮೆಲ್ಲಗೆ, "ಪರವಾಗಿಲ್ಲ, ಇವಳಿಂದ ಮಾಡಿಸಬಾರದಿತ್ತು" ಅಂದರು.

ಆ ಮಾತಿನ ಮೇಲೆ ನಾನು ಮತ್ತೆ ಮೂಲೆಗೆ ಹೋಗಿ ಕುಳಿತುಬಿಡುತ್ತಿದ್ದೆ. ನನ್ನ ಸೊಸೆ ಬಿಡಲಿಲ್ಲ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಡಬ್ಬಗಳನ್ನು ತಂದು ನನ್ನ ಎದುರು ಸಾಲಾಗಿ ಇಟ್ಟು, "ಮಾಂಯ್, ತಪ್ಪು ನಿಮ್ಮದಲ್ಲ, ಮುಚ್ಚಳದ್ದು. ಎಲ್ಲಿ ಹಾಕಬೇಕು ಹೇಳಿ" ಅಂದಳು. ಹನ್ನೊಂದು ಗಂಟೆಯವರೆಗೆ ಕುಳಿತು ಎಲ್ಲ ಚೀಟಿಯನ್ನು ಮುಚ್ಚಳದಿಂದ ಕಿತ್ತು ಡಬ್ಬಕ್ಕೆ ಹಾಕಿದೆವು. ಅವಳು ಕೇಳಿದ್ದು ನೋಡಿ, ಎಲ್ಲಿ ಹಾಕಬೇಕು ಹೇಳಿ ಅಂತ. ಬಾರ್ತಿಮಾಯ ಎಂಬ ಕುರುಡನ ಕಥೆ ನಿಮಗೆ ಗೊತ್ತು. ಯೇಸುಸ್ವಾಮಿಗೆ ಅವನಿಗೆ ಏನು ಬೇಕೆಂದು ತಿಳಿಯದೆ ಇತ್ತಾ? ಆದರೂ ಮೊದಲು ಅವನನ್ನೇ ಕೇಳಿದರು. ನನ್ನ ಸೊಸೆ ಬೈಬಲ್ ಓದುವುದು ಕಡಿಮೆ, ಆದರೆ ಆ ರಾತ್ರಿ ಅದನ್ನೇ ಮಾಡಿದಳು.

ಚೀಟಿ ಇದ್ದರೆ ಸಾಲದು, ವಸ್ತು ಇಟ್ಟಲ್ಲಿ ಇರಬೇಕು. ನಮ್ಮ ಮನೆಯ ಕಾನೂನು ಒಂದೇ: ತೆಗೆದ ಜಾಗದಲ್ಲೇ ಇಡಬೇಕು, ನೆಂಟರಾದರೂ ಸರಿ. ಹೊಸ ವಸ್ತು ತಂದರೆ ನನ್ನ ಕೈಗೆ ಕೊಟ್ಟು ಆಮೇಲೆ ಕಪಾಟಿಗೆ. ಕಪಾಟಿನ ಬಾಗಿಲು ಅರ್ಧ ತೆರೆದು ಬಿಡಬಾರದು, ನನ್ನ ಹಣೆಯ ಮೇಲೆ ಅದರ ಗುರುತು ಉಂಟು.

ಸೀಮೆಎಣ್ಣೆ, ಫಿನಾಯಿಲ್, ಆಸಿಡ್, ಇಲಿ ಪಾಷಾಣ, ಗಿಡಕ್ಕೆ ಹೊಡೆಯುವ ಔಷಧಿ, ಇವುಗಳಿಗೆ ಬ್ರೈಲ್ ಚೀಟಿ ಹಾಕಿ ಅಡುಗೆಕೋಣೆಯಲ್ಲಿ ಇಡಬಹುದಾ ಅಂತ ಒಬ್ಬರು ಕೇಳಿದರು. ಖಂಡಿತ ಬೇಡ. ಚೀಟಿ ಒಂದು ದಿನ ಬಿದ್ದುಹೋಗುತ್ತದೆ. ಅಂಥದ್ದೆಲ್ಲ ಮನೆಯ ಹೊರಗೆ, ಬೀಗ ಹಾಕಿದ ಜಾಗದಲ್ಲಿ ಇರಲಿ. ಕುಪ್ಪಿಯ ಕುತ್ತಿಗೆಗೆ ಒರಟು ತೆಂಗಿನ ನಾರಿನ ಹಗ್ಗ ಕಟ್ಟಿ. ಹಗ್ಗ ಕೈಗೆ ತಾಗಿದರೆ ಮುಟ್ಟಬಾರದು ಅಂತ ಮನೆಯ ಮಕ್ಕಳಿಗೂ ಕಲಿಸಿ. ಕುಡಿಯುವ ನೀರಿನ ಅಥವಾ ಜ್ಯೂಸಿನ ಖಾಲಿ ಬಾಟಲಿಗೆ ಇಂಥದ್ದನ್ನು ತುಂಬಿಸುವ ಅಭ್ಯಾಸ ನಮ್ಮಲ್ಲಿ ಬಹಳ ಉಂಟು. ಕಣ್ಣಿದ್ದವರೂ ಅದನ್ನು ಕುಡಿದು ಸತ್ತಿದ್ದಾರೆ. ಮಾತ್ರೆಗಳ ವಿಷಯವೂ ಹಾಗೇ, ಜಾಗ್ರತೆ ಬೇಕು. ಯುರೋಪಿನ ದೇಶಗಳಲ್ಲಿ ಔಷಧಿಯ ಪೆಟ್ಟಿಗೆ ಮೇಲೆ ಹೆಸರನ್ನು ಬ್ರೈಲಿನಲ್ಲಿ ಹಾಕಬೇಕು ಅಂತ 2004ರಲ್ಲೇ ಕಾನೂನು ಬಂದಿದೆ. ನಾನಂತೂ ಬೆಳಗ್ಗಿನ ಮಾತ್ರೆಯ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ರಾತ್ರಿಯದ್ದಕ್ಕೆ ಎರಡು ಹಾಕಿಕೊಂಡಿದ್ದೇನೆ.

ಬ್ರೈಲ್ ಎಲ್ಲರಿಗೂ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ನಮ್ಮ ವಾಳೆಯಲ್ಲಿ ಒಬ್ಬರು ಅಜ್ಜಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಯಿತು. ಅದೇ ಕಾಯಿಲೆ ಬೆರಳಿನ ಸ್ಪರ್ಶವನ್ನೂ ಮರಗಟ್ಟಿಸುತ್ತದೆ. ಅವರಿಗೆ ಚುಕ್ಕಿ ಗೊತ್ತಾಗಲೇ ಇಲ್ಲ. ನಾವು ಅವರ ಡಬ್ಬಗಳಿಗೆ ಅಂಗಿಯ ಗುಂಡಿ ಹೊಲಿದ ಬಟ್ಟೆಪಟ್ಟಿ ಕಟ್ಟಿದೆವು. ಉಪ್ಪಿಗೆ ಒಂದು ದೊಡ್ಡ ಗುಂಡಿ, ಸಕ್ಕರೆಗೆ ಎರಡು, ಮೆಣಸಿನ ಪುಡಿಗೆ ಹುಣಸೆ ಬೀಜ. ಅದೂ ಬ್ರೈಲಿನ ತಂಗಿಯೇ ಅಂತ ಇಟ್ಟುಕೊಳ್ಳಿ.

"ಈಗ ಮೊಬೈಲ್ ಹಿಡಿದರೆ ಅದೇ ಓದಿ ಹೇಳುತ್ತದಲ್ಲ" ಅಂತ ಮೊಮ್ಮಕ್ಕಳು ಹೇಳುತ್ತಾರೆ. ಹೌದು, ನಾನೂ ಇಟ್ಟುಕೊಂಡಿದ್ದೇನೆ. ಅಂಗಡಿಯಿಂದ ತಂದ ಪೊಟ್ಟಣದ ಮೇಲಿನದ್ದನ್ನು ಓದಿಸಲು ಒಳ್ಳೆಯದು. ಆದರೆ ನಮ್ಮ ಸ್ಟೀಲ್ ಡಬ್ಬದ ಮೇಲೆ ಏನೂ ಬರೆದಿರುವುದಿಲ್ಲ, ಮೊಬೈಲ್ ಏನನ್ನು ಓದುತ್ತದೆ? ಹಿಟ್ಟಿನ ಕೈಯಲ್ಲಿ ಅದನ್ನು ಹಿಡಿಯುವುದು ಹೇಗೆ? ಕರೆಂಟು ಹೋದ ದಿನ ಚಾರ್ಜು ಇರುವುದಿಲ್ಲ. ಕರೆಂಟು ಹೋದಾಗ ನಮ್ಮ ಮನೆಯಲ್ಲಿ ತಡವರಿಸದೆ ಒಗ್ಗರಣೆ ಹಾಕುವವಳು ನಾನೊಬ್ಬಳೇ, ಮಾರಾಯ್ರೆ.

ಸಂಘದ ವಿಷಯ ಅರ್ಧಕ್ಕೆ ಬಿಟ್ಟೆ. ತೆನೆ ಹಬ್ಬ ಕಳೆದು ಎರಡು ತಿಂಗಳ ನಂತರದ ಸಭೆಗೆ ನಾನು ಆರು ಕುಪ್ಪಿ ತೆಗೆದುಕೊಂಡು ಹೋದೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಶಿನ, ಲವಂಗ, ದಾಲ್ಚಿನ್ನಿ, ಎಲ್ಲ ಪುಡಿ ಮಾಡಿದ್ದು, ಎಲ್ಲಕ್ಕೂ ಚೀಟಿ. ಮುಚ್ಚಳ ತೆರೆಯದೆ, ಮೂಸದೆ, ಒಂದೊಂದನ್ನೇ ಹೆಸರು ಹೇಳಿ ಅಧ್ಯಕ್ಷೆಯ ಕೈಗೆ ಕೊಟ್ಟೆ. ಆಮೇಲೆ ಅವರ ಕಣ್ಣಿಗೆ ಬಟ್ಟೆ ಕಟ್ಟಿ ಹೇಳಿ ಅಂದೆ. ನಗೆಯೋ ನಗೆ. ಆದರೂ ಕೂಡಲೇ ಒಪ್ಪಲಿಲ್ಲ. ಗ್ರಾಹಕರಿಗೆ ಗೊತ್ತಾದರೆ ಏನು ಹೇಳಿಯಾರು, ತೂಕ ತಪ್ಪಿದರೆ ಯಾರು ಹೊಣೆ, ಇಂಥ ಪ್ರಶ್ನೆ ಬಂದವು. ಅವು ನ್ಯಾಯವಾದ ಪ್ರಶ್ನೆಗಳೇ. ಕೊನೆಗೆ ಒಂದು ತಿಂಗಳು ನೋಡುವ ಅಂತ ನಿರ್ಣಯ ಪುಸ್ತಕದಲ್ಲಿ ಬರೆದರು. ಹುರಿಯುವುದು ಮತ್ತು ತಕ್ಕಡಿ ಅವರದ್ದು, ಅಳತೆಯ ಲೋಟದಲ್ಲಿ ಸಾಂಬಾರ ಪದಾರ್ಥ ಅಳೆದು ಕೂಡಿಸುವುದು ನನ್ನದು. ಖಾರ ಹೆಚ್ಚಿನ ಪುಡಿಯ ಡಬ್ಬಕ್ಕೂ ಖಾರ ಕಡಿಮೆಯದ್ದಕ್ಕೂ ನಾನೇ ಚೀಟಿ ಮಾಡಿದೆ. ಮೊದಲು ಒಂದೇ ಬಣ್ಣದ ಎರಡು ಪುಡಿಯನ್ನು ಅವರೇ ಅದಲುಬದಲು ಮಾಡುತ್ತಿದ್ದರು, ಈಗ ಅವರೂ ಬೆರಳಾಡಿಸಿ ನೋಡುತ್ತಾರೆ.

ಆ ಒಂದು ತಿಂಗಳು ಮುಗಿದದ್ದನ್ನು ಯಾರೂ ನೆನಪಿಸಲಿಲ್ಲ. ನನ್ನ ಹೆಸರು ಸರದಿ ಪಟ್ಟಿಯಲ್ಲಿ ಹಾಗೇ ಇದೆ, ಮಂಗಳವಾರ ಮತ್ತು ಶುಕ್ರವಾರ.

ನಿಮ್ಮ ಸಂಘದಲ್ಲಿ, ನಿಮ್ಮ ಪಕ್ಕದ ಮನೆಯಲ್ಲಿ ಇಂಥವರು ಇದ್ದರೆ ನನಗೆ ಹೇಳಿಕಳುಹಿಸಿ. ಕಾರ್ಯಕರ್ತೆಯವರ ಹತ್ತಿರ ಹೇಳಿದರೆ ಸಾಕು, ಮಂಗಳವಾರ, ಶುಕ್ರವಾರ ಬಿಟ್ಟು ಬೇರೆ ಯಾವ ದಿನವಾದರೂ ಬರುತ್ತೇನೆ. ಬರುವಾಗ ಸ್ಲೇಟು ತರುತ್ತೇನೆ, ನೀವು ಹಳೆಯ ಎಕ್ಸ್‌ರೇ ಹುಡುಕಿ ಇಟ್ಟಿರಿ.

ಊಟದ ಗಂಟೆಯಾಯಿತು ಅಂತ ವಾಸನೆ ಹೇಳುತ್ತಾ ಉಂಟು. ಹೊರಗೆ ಕೈ ತೊಳೆಯುವ ಜಾಗದ ಹತ್ತಿರ ಮೇಜಿನ ಮೇಲೆ ಎರಡು ಡಬ್ಬ ಇಟ್ಟಿದ್ದೇನೆ. ಒಂದರಲ್ಲಿ 'ಉ', ಒಂದರಲ್ಲಿ 'ಸ'. ಕಣ್ಣು ಮುಚ್ಚಿ ಓದಿ, ನಿಮ್ಮ ಮಜ್ಜಿಗೆಗೆ ಯಾವುದು ಬೇಕೋ ನೀವೇ ಹಾಕಿಕೊಳ್ಳಿ.